ಕ್ಯಾನ್ಸಸ್ ಬಾಸ್ಕೆಟ್‌ಬಾಲ್: ಒಂದು ಕಾಲೇಜು ತಂಡದ ದಾಖಲೆಗಳನ್ನು ಓದುವ ಬಗೆ

ಮಾರ್ಚ್ ತಿಂಗಳ ನಡುವಿಗೆ ಬಂದರೆ ಸಾಕು, ಅಮೆರಿಕದ ಕಚೇರಿಗಳಲ್ಲೂ ಕಾಲೇಜುಗಳಲ್ಲೂ ಜನ 68 ತಂಡಗಳ ಹೆಸರಿರುವ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ತಂಡ ಯಾವುದನ್ನು ಸೋಲಿಸೀತು ಎಂದು ಊಹಿಸಿ ತುಂಬಲು ಕೂರುತ್ತಾರೆ. ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳು ಊರಿಗೆ ಫೋನ್ ಮಾಡಿದಾಗ ಈ ಗದ್ದಲದ ಸುದ್ದಿಯೂ ಮಾತಿನಲ್ಲಿ ಬಂದು ಹೋಗುತ್ತದೆ. ಟಿವಿಯಲ್ಲೋ ಮೊಬೈಲಿನಲ್ಲೋ ಪಂದ್ಯ ನೋಡಲು ಕೂತವರಿಗೆ ಆಟ ಅರ್ಥವಾಗುತ್ತದೆ, ಆದರೆ ಪರದೆಯ ಮೇಲೆ ಹಾದುಹೋಗುವ ದಾಖಲೆಗಳು ಅರ್ಥವಾಗುವುದಿಲ್ಲ. ಒಂದು ಕಡೆ ಕ್ಯಾನ್ಸಸ್ ವಿಶ್ವವಿದ್ಯಾಲಯ ನಾಲ್ಕು ಬಾರಿ ಚಾಂಪಿಯನ್ ಎಂದಿದ್ದರೆ, ಇನ್ನೊಂದು ಕಡೆ ಆರು ಬಾರಿ ಎಂದಿರುತ್ತದೆ. ಒಂದು ವರ್ಷ ಗೆಲುವುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ, ಮರುವರ್ಷ ಒಂದೂ ಪಂದ್ಯ ಆಡುವ ಮೊದಲೇ ಎರಡನೆಯ ಸ್ಥಾನಕ್ಕೆ ಇಳಿದಿರುತ್ತದೆ.

ಇವೆಲ್ಲ ತಪ್ಪು ಮಾಹಿತಿಗಳಲ್ಲ. ಲೆಕ್ಕ ಇಟ್ಟವರು ಬೇರೆ ಬೇರೆ, ಲೆಕ್ಕ ಆರಂಭವಾದ ವರ್ಷ ಬೇರೆ, ಆಗಿನ ಆಟದ ನಿಯಮವೂ ಬೇರೆ. ಇದನ್ನು ವಿವರಿಸಲು ಕ್ಯಾನ್ಸಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಏಕೆಂದರೆ ಈ ತಂಡದ ಚರಿತ್ರೆ ಹೆಚ್ಚುಕಡಿಮೆ ಬಾಸ್ಕೆಟ್‌ಬಾಲ್ ಆಟದಷ್ಟೇ ಹಳೆಯದು.

ಕಾಲೇಜು ತಂಡ ಎಂದರೆ ಏನು?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಮುಖ್ಯ ಸಂಸ್ಥೆಯ ಹೆಸರು ಎನ್‌ಸಿಎಎ. ಅದರ ಅತ್ಯುನ್ನತ ವಿಭಾಗದಲ್ಲಿ, ಅಂದರೆ ಮೊದಲನೇ ಡಿವಿಷನ್‌ನಲ್ಲಿ, 350ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಪುರುಷರ ಬಾಸ್ಕೆಟ್‌ಬಾಲ್ ಆಡುತ್ತವೆ. ಆಟಗಾರರು ವಿದ್ಯಾರ್ಥಿಗಳಾದ್ದರಿಂದ ಸಾಮಾನ್ಯವಾಗಿ ನಾಲ್ಕು ಋತುಗಳಷ್ಟೇ ಆಡುತ್ತಾರೆ. ಆಮೇಲೆ ಅವರು ಹೋಗುತ್ತಾರೆ, ಹೊಸಬರು ಬರುತ್ತಾರೆ. ಹೀಗೆ ಆಟಗಾರರು ಬದಲಾದರೂ ಉಳಿಯುವ ಕೋಚ್, ವಿದ್ಯಾರ್ಥಿವೇತನ, ಕ್ರೀಡಾಂಗಣ, ಬಣ್ಣ, ಘೋಷಣೆ, ಅಭಿಮಾನಿಗಳು ಎಲ್ಲವೂ ಸೇರಿದ ವ್ಯವಸ್ಥೆಯನ್ನು ಅಲ್ಲಿನವರು ‘ಪ್ರೋಗ್ರಾಂ’ ಎಂದು ಕರೆಯುತ್ತಾರೆ. ದಾಖಲೆಗಳು ಸೇರುವುದು ಈ ಪ್ರೋಗ್ರಾಂ ಹೆಸರಿಗೆ.

ಋತು ನವೆಂಬರ್‌ನಲ್ಲಿ ಆರಂಭವಾಗಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಗುಂಪು ಕಟ್ಟಿಕೊಂಡು ತಮ್ಮೊಳಗೆ ಲೀಗ್ ಆಡುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎಂದು ಹೆಸರು, ಮತ್ತು ಕ್ಯಾನ್ಸಸ್ 1996ರಿಂದ ‘ಬಿಗ್ ಟ್ವೆಲ್ವ್’ ಎಂಬ ಕಾನ್ಫರೆನ್ಸ್‌ನಲ್ಲಿದೆ. ಲೀಗ್ ಮುಗಿದ ಮೇಲೆ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ಕಾನ್ಫರೆನ್ಸ್ ಚಾಂಪಿಯನ್ನರಿಗೆ ಅದರಲ್ಲಿ ನೇರ ಪ್ರವೇಶವಿದ್ದು, ಉಳಿದ ತಂಡಗಳನ್ನು ಒಂದು ಸಮಿತಿ ಆರಿಸುತ್ತದೆ. ಅಲ್ಲಿ ಒಮ್ಮೆ ಸೋತರೆ ಮನೆಗೆ. ಚಾಂಪಿಯನ್ ಆಗಬೇಕಾದರೆ ಮೂರು ವಾರಗಳಲ್ಲಿ ಆರು ಪಂದ್ಯಗಳನ್ನು ಗೆಲ್ಲಬೇಕು. ಪ್ರಾಥಮಿಕ ಸುತ್ತಿನಿಂದ ಬಂದ ತಂಡವಾದರೆ ಏಳು. ಕೊನೆಗೆ ಉಳಿಯುವ ನಾಲ್ಕು ತಂಡಗಳ ಹಂತವನ್ನು ‘ಫೈನಲ್ ಫೋರ್’ ಎನ್ನುತ್ತಾರೆ. ಫೈನಲ್ ತಲುಪದಿದ್ದರೂ ಈ ಹಂತ ಮುಟ್ಟಿದ್ದೇ ಗೌರವವೆಂದು ಭಾವಿಸಿ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾಂಗಣದಲ್ಲಿ ಅದರ ಪತಾಕೆ ತೂಗುಹಾಕುತ್ತವೆ.

ನಾಕೌಟ್ ಪದ್ಧತಿಯಲ್ಲಿ ಒಂದು ಕೆಟ್ಟ ದಿನ ಇಡೀ ಋತುವನ್ನು ನುಂಗಿಬಿಡಬಲ್ಲದು. 2010ರಲ್ಲಿ ಎಲ್ಲ ತಂಡಗಳಿಗಿಂತ ಮೇಲಿನ ಶ್ರೇಯಾಂಕ ಪಡೆದು ಟೂರ್ನಿಗೆ ಬಂದಿದ್ದ ಕ್ಯಾನ್ಸಸ್, ತನ್ನ ಎರಡನೇ ಪಂದ್ಯದಲ್ಲೇ ಒಂಬತ್ತನೇ ಶ್ರೇಯಾಂಕದ ನಾರ್ದರ್ನ್ ಅಯೋವಾ ಎದುರು 67–69ರಿಂದ ಸೋತು ಹೊರಬಿತ್ತು. ಆದ್ದರಿಂದ ರಾಷ್ಟ್ರೀಯ ಪ್ರಶಸ್ತಿಗಳ ಸಂಖ್ಯೆಯೊಂದರಿಂದಲೇ ಒಂದು ತಂಡದ ಬಲವನ್ನು ಅಳೆಯುವುದು ಸರಿಯಾಗದು. ಲೀಗಿನ ದಾಖಲೆಯನ್ನು ಬೇರೆಯಾಗಿ ನೋಡುವುದು ಇದೇ ಕಾರಣಕ್ಕೆ.

ಆಟ ಕಂಡುಹಿಡಿದವರೇ ಮೊದಲ ಕೋಚ್

ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಅವರು 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈಎಂಸಿಎ ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಅವರು ಹದಿಮೂರು ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಕಾಲ್ಚೆಂಡನ್ನೇ ಬಳಸಿ ಹೊಸ ಆಟವೊಂದನ್ನು ಆಡಿಸಿದರು. ತರಗತಿಯಲ್ಲಿ ಹದಿನೆಂಟು ಜನರಿದ್ದುದರಿಂದ ಮೊದಲ ಪಂದ್ಯದಲ್ಲಿ ಒಂದೊಂದು ಕಡೆ ಒಂಬತ್ತು ಮಂದಿ ಆಡಿದರು. ಆಟ ಜಗತ್ತಿಗೆ ಹಬ್ಬಿದ್ದು ವೈಎಂಸಿಎ ಮೂಲಕವೇ. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದ್ದರಿಂದ, ದಕ್ಷಿಣ ಭಾರತದ ಬಾಸ್ಕೆಟ್‌ಬಾಲ್‌ನ ಬೇರೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ನೈಸ್ಮಿತ್ 1898ರಲ್ಲಿ ಲಾರೆನ್ಸ್ ಎಂಬ ಊರಿನಲ್ಲಿರುವ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅವರನ್ನು ಕರೆಸಿಕೊಂಡಿದ್ದು ಪ್ರಾರ್ಥನಾ ಮಂದಿರದ ಮತ್ತು ದೈಹಿಕ ಶಿಕ್ಷಣದ ಕೆಲಸಕ್ಕೆ. ತಂಡ ಕಟ್ಟಿದ್ದು ಅದರ ಜೊತೆಗೆ ನಡೆದ ಕೆಲಸ. 1899ರ ಫೆಬ್ರವರಿ 3ರಂದು ಆಡಿದ ಮೊದಲ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ವೈಎಂಸಿಎ ಎದುರು ತಂಡ 5–16ರಿಂದ ಸೋತಿತು. ಎದುರಾಳಿ ಇನ್ನೊಂದು ಕಾಲೇಜಲ್ಲ, ನಗರದ ಒಂದು ಸಂಘ ಎಂಬುದನ್ನು ಗಮನಿಸಬೇಕು. ಇಂದು ಪರದೆಯ ಮೇಲೆ ಕಾಣುವ ಎರಡು ಸಾವಿರಕ್ಕೂ ಮೀರಿದ ಗೆಲುವುಗಳ ಮೊತ್ತ ಆ ಕಾಲದಿಂದಲೇ ಆರಂಭವಾಗುತ್ತದೆ.

ನೈಸ್ಮಿತ್ 1907ರವರೆಗೆ ಕೋಚ್ ಆಗಿದ್ದರು. ಆ ಅವಧಿಯಲ್ಲಿ ತಂಡ 55 ಪಂದ್ಯ ಗೆದ್ದು 60ರಲ್ಲಿ ಸೋತಿತು. ಕ್ಯಾನ್ಸಸ್‌ನ ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟವನ್ನು ಹುಟ್ಟಿಸಿದ ಈ ಒಬ್ಬರಿಗೇ. ಇದನ್ನು ತಮಾಷೆಯಾಗಿ ಹೇಳುವುದು ವಾಡಿಕೆ, ಆದರೆ ಇದು ಸ್ವಲ್ಪ ಅನ್ಯಾಯದ ತಮಾಷೆ. ಬಾಸ್ಕೆಟ್‌ಬಾಲ್ ಎಂದರೆ ವ್ಯಾಯಾಮಕ್ಕೂ ಶೀಲಕ್ಕೂ ಆಡುವ ಆಟ, ಅದಕ್ಕೆ ಕೋಚ್ ಏಕೆ ಬೇಕು ಎಂಬುದು ಅವರ ನಿಲುವಾಗಿತ್ತು.

ಆ ನಿಲುವನ್ನು ಒಪ್ಪದವರು ಅವರ ಶಿಷ್ಯರೇ ಆದ ಫಾರೆಸ್ಟ್ ಆಲನ್. ಹಡಗಿನ ಮಂಜುಗಹಳೆಯಂಥ (ಫಾಗ್‌ಹಾರ್ನ್) ದನಿಯಿದ್ದುದರಿಂದ ಅವರಿಗೆ ‘ಫಾಗ್’ ಎಂಬ ಅಡ್ಡಹೆಸರು ಬಂತು. ಅವರು 1907ರಿಂದ 1909ರವರೆಗೆ, ಮತ್ತೆ 1919ರಿಂದ 1956ರವರೆಗೆ ಕ್ಯಾನ್ಸಸ್‌ನ ಕೋಚ್ ಆಗಿದ್ದು 590 ಪಂದ್ಯಗಳನ್ನು ಗೆಲ್ಲಿಸಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರಲು ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ವಯಸ್ಸಾಗಿದ್ದ ನೈಸ್ಮಿತ್ ಆ ಕೂಟವನ್ನು ಕಣ್ಣಾರೆ ಕಂಡರು. ಆಲನ್ ಅವರ ಬಳಿ ಆಡಿದ ಅಡಾಲ್ಫ್ ರಪ್ ಮುಂದೆ ಕೆಂಟಕಿಯನ್ನೂ, ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾವನ್ನೂ ಕಟ್ಟಿ ಬೆಳೆಸಿದರು. ಗೆಲುವುಗಳ ಪಟ್ಟಿಯಲ್ಲಿ ಇಂದು ಕ್ಯಾನ್ಸಸ್‌ಗೆ ಎದುರು ನಿಲ್ಲುವ ಎರಡು ತಂಡಗಳು ಇವೇ.

ನೈಸ್ಮಿತ್ ಅವರಿಂದ 2003ರಲ್ಲಿ ಬಂದ ಬಿಲ್ ಸೆಲ್ಫ್ ಅವರ ತನಕ ಈ ತಂಡಕ್ಕೆ ಎಂಟೇ ಕೋಚ್‌ಗಳು. ಕೋಚ್ ಕೈಬದಲಾಗದೆ ಉಳಿದದ್ದು ದಾಖಲೆಗಳು ಬೆಳೆಯಲು ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು. ಕಾಲೇಜಿನ ಆಟದಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿಯಬಲ್ಲ ವ್ಯಕ್ತಿ ಕೋಚ್ ಒಬ್ಬರೇ.

ಪ್ರಶಸ್ತಿ ನಾಲ್ಕೋ, ಆರೋ?

ಎನ್‌ಸಿಎಎ ಟೂರ್ನಿ ಆರಂಭವಾದದ್ದು 1939ರಲ್ಲಿ, ಎಂಟೇ ತಂಡಗಳೊಂದಿಗೆ. 1951ರಲ್ಲಿ ಅವು 16 ಆದವು, 1975ರಲ್ಲಿ 32, 1985ರಲ್ಲಿ 64, 2011ರಲ್ಲಿ 68. ಇದಕ್ಕೂ ಹಿಂದೆ ದೇಶಕ್ಕೆಲ್ಲ ಒಬ್ಬ ಚಾಂಪಿಯನ್ ಎಂದು ನಿರ್ಣಯಿಸುವ ಪಂದ್ಯವೇ ಇರಲಿಲ್ಲ. 1936ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಥಾಪನೆಯಾದ ಹೆಲ್ಮ್ಸ್ ಪ್ರತಿಷ್ಠಾನ ಎಂಬ ಖಾಸಗಿ ಸಂಸ್ಥೆಯು ಹಳೆಯ ಫಲಿತಾಂಶಗಳನ್ನು ಕೂತು ಪರಿಶೀಲಿಸಿ, 1901ರಿಂದ ಮೊದಲ್ಗೊಂಡು ಒಂದೊಂದು ವರ್ಷಕ್ಕೂ ಒಂದೊಂದು ತಂಡವನ್ನು ಶ್ರೇಷ್ಠವೆಂದು ಹೆಸರಿಸಿತು. ಆ ಪಟ್ಟಿಯಲ್ಲಿ 1922 ಮತ್ತು 1923 ಕ್ಯಾನ್ಸಸ್ ಪಾಲಿಗೆ ಬಂದವು. ಆ ಎರಡರ ಪತಾಕೆಗಳೂ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿವೆ. ಆರು ಎನ್ನುವವರು ಇವನ್ನು ಸೇರಿಸಿ ಎಣಿಸುತ್ತಾರೆ, ನಾಲ್ಕು ಎನ್ನುವವರು ಟೂರ್ನಿಯಲ್ಲಿ ಆಡಿ ಗೆದ್ದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂಕಣದಲ್ಲಿ ಗೆದ್ದ ಪ್ರಶಸ್ತಿಗೂ ವರ್ಷಗಳ ನಂತರ ಕಾಗದದ ಮೇಲೆ ಕೊಟ್ಟ ಮನ್ನಣೆಗೂ ಅಂತರವಿದೆ, ಹಾಗಾಗಿ ಎರಡನೆಯ ಲೆಕ್ಕವೇ ಹೆಚ್ಚು ಸುರಕ್ಷಿತ.

ಆ ನಾಲ್ಕರಲ್ಲಿ ಮೊದಲನೆಯದು 1952ರದು. ಸಿಯಾಟಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಸೇಂಟ್ ಜಾನ್ಸ್ ತಂಡವನ್ನು 80–63ರಿಂದ ಸೋಲಿಸಿದಾಗ ಕ್ಲೈಡ್ ಲವಲೆಟ್ 33 ಅಂಕ ಗಳಿಸಿದ್ದರು. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಕ್ಯಾನ್ಸಸ್‌ನ ಏಳು ಆಟಗಾರರಿದ್ದರು.

ಎರಡನೆಯ ಪ್ರಶಸ್ತಿಗೆ 1988ರವರೆಗೆ ಕಾಯಬೇಕಾಯಿತು. ಆ ವರ್ಷದ ತಂಡ ಹನ್ನೊಂದು ಪಂದ್ಯಗಳಲ್ಲಿ ಸೋತಿತ್ತು, ಶ್ರೇಯಾಂಕ ಆರನೆಯದು, ಗೆಲ್ಲುತ್ತದೆಂಬ ನಂಬಿಕೆ ಹೆಚ್ಚಿನವರಿಗೆ ಇರಲಿಲ್ಲ. ಓಕ್ಲಹೋಮಾ ವಿರುದ್ಧದ ಫೈನಲ್‌ನಲ್ಲಿ ಡ್ಯಾನಿ ಮ್ಯಾನಿಂಗ್ ಒಬ್ಬರೇ 31 ಅಂಕ ಗಳಿಸಿ, 18 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದು 83–79ರ ಗೆಲುವು ತಂದರು.

2008ರಲ್ಲಿ ಮೆಂಫಿಸ್ ಎದುರು ಕೊನೆಯ ಎರಡು ನಿಮಿಷಗಳ ಸುಮಾರಿಗೆ ಒಂಬತ್ತು ಅಂಕ ಹಿಂದಿದ್ದ ತಂಡವನ್ನು, ಗಡಿಯಾರದಲ್ಲಿ 2.1 ಸೆಕೆಂಡ್ ಉಳಿದಿದ್ದಾಗ ಮಾರಿಯೊ ಚಾಮರ್ಸ್ ಅವರ ಮೂರು ಅಂಕದ ಎಸೆತ 63–63ರ ಸಮಕ್ಕೆ ತಂದಿತು. ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ 75–68ರಿಂದ ಗೆದ್ದಿತು. 2022ರಲ್ಲಿ ನಾರ್ತ್ ಕ್ಯಾರೊಲಿನಾ ಎದುರು ಅರ್ಧ ಪಂದ್ಯ ಮುಗಿದಾಗ ಅಂಕ 25–40. ಒಂದು ಹಂತದಲ್ಲಿ 16 ಅಂಕ ಹಿಂದಿದ್ದ ಕ್ಯಾನ್ಸಸ್ 72–69ರಿಂದ ಗೆದ್ದಿತು. ಫೈನಲ್ ಒಂದರಲ್ಲಿ ಯಾವ ತಂಡವೂ ಅಷ್ಟು ಹಿಂದೆ ಬಿದ್ದು ಗೆದ್ದಿರಲಿಲ್ಲ.

ಇವುಗಳ ನಡುವೆ ಒಂದು ಖಾಲಿ ಜಾಗವೂ ಇದೆ. 2019–20ರ ಋತುವಿನಲ್ಲಿ ಕ್ಯಾನ್ಸಸ್ 28 ಗೆದ್ದು 3 ಸೋತು ದೇಶದ ಮೊದಲ ಸ್ಥಾನದಲ್ಲಿತ್ತು. ಕೋವಿಡ್‌ನಿಂದಾಗಿ ಟೂರ್ನಿಯೇ ನಡೆಯಲಿಲ್ಲ, ಆ ವರ್ಷಕ್ಕೆ ಚಾಂಪಿಯನ್ ಎಂಬುವರೇ ಇಲ್ಲ.

ಮೂರು ಹೆಚ್ಚುವರಿ ಅವಧಿ, ಆದರೂ 54 ಅಂಕ

1957ರ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ 54–53ರಿಂದ ಕ್ಯಾನ್ಸಸ್ ಅನ್ನು ಸೋಲಿಸಿತು. ಮಾಮೂಲಿ 40 ನಿಮಿಷಗಳ ಮೇಲೆ ತಲಾ ಐದು ನಿಮಿಷಗಳ ಮೂರು ಹೆಚ್ಚುವರಿ ಅವಧಿಗಳು ಸೇರಿ ಒಟ್ಟು 55 ನಿಮಿಷ ಆಡಿದ ಪಂದ್ಯ ಅದು. ಇಂದಿನ ತಂಡಗಳು ಅಷ್ಟು ಹೊತ್ತಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಅಂಕ ಗಳಿಸಿಯಾವು. ಹಾಗಾದರೆ ಅಂದಿನವರು ಕಳಪೆ ಆಟಗಾರರಾಗಿದ್ದರೇ?

ಕಾರಣ ನಿಯಮದಲ್ಲಿದೆ. ಚೆಂಡು ಕೈಗೆ ಬಂದ ತಂಡ ಇಷ್ಟು ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು ಎಂಬ ‘ಶಾಟ್ ಕ್ಲಾಕ್’ ನಿಯಮ ಪುರುಷರ ಕಾಲೇಜು ಆಟಕ್ಕೆ ಬಂದದ್ದು 1985–86ರಲ್ಲಿ. ಮೊದಲು 45 ಸೆಕೆಂಡ್ ಇದ್ದ ಗಡುವು 1993–94ರಲ್ಲಿ 35ಕ್ಕೂ 2015–16ರಲ್ಲಿ 30ಕ್ಕೂ ಇಳಿಯಿತು. ದೂರದಿಂದ ಎಸೆದರೆ ಮೂರು ಅಂಕ ಎಂಬ ನಿಯಮ ಬಂದದ್ದು 1986–87ರಲ್ಲಿ. ಇವೆರಡೂ ಇಲ್ಲದ ಕಾಲದಲ್ಲಿ, ಎದುರಾಳಿಯ ಬಳಿ ಕ್ಯಾನ್ಸಸ್‌ನ ವಿಲ್ಟ್ ಚೇಂಬರ್ಲಿನ್ ಅವರಂಥ ಏಳಡಿಯ ಆಟಗಾರನಿದ್ದರೆ ಜಾಣತನವೆಂದರೆ ಚೆಂಡನ್ನು ತಮ್ಮೊಳಗೇ ಸಾಗಿಸುತ್ತ ಸಮಯ ಕಳೆಯುವುದು. 1957ರ ಎರಡನೇ ಹೆಚ್ಚುವರಿ ಅವಧಿಯಲ್ಲಿ ಎರಡೂ ತಂಡಗಳು ಸೇರಿ ಒಂದಂಕವನ್ನೂ ಗಳಿಸಲಿಲ್ಲ. ಸೋತ ತಂಡದಲ್ಲಿದ್ದರೂ ಟೂರ್ನಿಯ ಅತ್ಯುತ್ತಮ ಆಟಗಾರನೆಂಬ ಗೌರವ ಚೇಂಬರ್ಲಿನ್ ಅವರಿಗೇ ಸಿಕ್ಕಿತು.

ಹೆಚ್ಚು ಅಂಕ ಯಾರದು?

ಕ್ಯಾನ್ಸಸ್ ಪರ ಒಟ್ಟಾರೆ ಅತಿ ಹೆಚ್ಚು ಅಂಕ ಗಳಿಸಿದ ಪುರುಷ ಆಟಗಾರ ಡ್ಯಾನಿ ಮ್ಯಾನಿಂಗ್: 147 ಪಂದ್ಯಗಳಲ್ಲಿ 2,951. ಚೇಂಬರ್ಲಿನ್ ಆಡಿದ್ದು 48 ಪಂದ್ಯ ಮಾತ್ರ. ಪಂದ್ಯವೊಂದಕ್ಕೆ ಅವರ ಸರಾಸರಿ 29.9 ಅಂಕ, ಮ್ಯಾನಿಂಗ್ ಅವರದು ಸುಮಾರು 20. ತಮ್ಮ ಮೊದಲ ಪಂದ್ಯದಲ್ಲೇ, 1956ರ ಡಿಸೆಂಬರ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ, ಚೇಂಬರ್ಲಿನ್ 52 ಅಂಕ ಗಳಿಸಿ 31 ರೀಬೌಂಡ್ ಹಿಡಿದರು.

ಪಂದ್ಯಗಳ ಸಂಖ್ಯೆಯಲ್ಲಿ ಇಷ್ಟು ಅಂತರ ಏಕೆ ಎಂದರೆ, 1972ಕ್ಕೆ ಮೊದಲು ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಉಳಿದ ಮೂರು ವರ್ಷಗಳಲ್ಲಿ ಎರಡನ್ನು ಆಡಿ ಚೇಂಬರ್ಲಿನ್ 1958ರಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಪ್ರದರ್ಶನ ತಂಡಕ್ಕೆ ಹೊರಟುಹೋದರು. ಮ್ಯಾನಿಂಗ್ ಕಾಲಕ್ಕೆ ನಾಲ್ಕೂ ವರ್ಷ ಆಡಬಹುದಾಗಿತ್ತು, ವರ್ಷದ ಪಂದ್ಯಗಳೂ ಹೆಚ್ಚಿದ್ದವು. ಈಗ ಗಾಳಿ ಮತ್ತೆ ತಿರುಗಿದೆ. ಬಹಳ ಪ್ರತಿಭಾವಂತರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ವೃತ್ತಿಪರ ಲೀಗಾದ ಎನ್‌ಬಿಎಗೆ ಹೋಗುತ್ತಾರೆ. 2014ರ ಎನ್‌ಬಿಎ ಆಯ್ಕೆಯಲ್ಲಿ ಮೊದಲನೆಯವರಾಗಿ ಹೋದ ಆಂಡ್ರ್ಯೂ ವಿಗಿನ್ಸ್, ಮೂರನೆಯವರಾಗಿ ಹೋದ ಜೋಯಲ್ ಎಂಬೀಡ್ ಇಬ್ಬರೂ ಕ್ಯಾನ್ಸಸ್‌ನಲ್ಲಿ ಆಡಿದ್ದು ಒಂದೊಂದೇ ಋತು. ಹಾಗಾಗಿ 2,951ರ ಆಯುಷ್ಯ ಇನ್ನೂ ಗಟ್ಟಿಯಾಗಿದೆ ಎಂದೇ ತೋರುತ್ತದೆ.

ಲೀಗ್ ಮತ್ತು ತವರಿನ ಅಂಕಣ

2005ರಿಂದ 2018ರವರೆಗೆ ಸತತ 14 ವರ್ಷ ಕ್ಯಾನ್ಸಸ್ ತನ್ನ ಲೀಗಿನಲ್ಲಿ ಮೊದಲ ಸ್ಥಾನದಲ್ಲಿ ಮುಗಿಸಿತು. 1967ರಿಂದ 1979ರವರೆಗೆ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯ ಸ್ಥಾಪಿಸಿದ್ದ 13 ವರ್ಷಗಳ ದಾಖಲೆಯನ್ನು ಅದು ಅಂಕಣದ ಆಟದಲ್ಲಿ ಮೀರಿತು. ನಾಕೌಟ್‌ನಂತೆ ಇದರಲ್ಲಿ ಅದೃಷ್ಟದ ಪಾಲು ದೊಡ್ಡದಲ್ಲ. ತಿಂಗಳುಗಟ್ಟಲೆ ಗೆಲ್ಲುತ್ತಲೇ ಇರಬೇಕು, ಆಟಗಾರರು ಬದಲಾಗುತ್ತಿದ್ದರೂ ಮರುವರ್ಷವೂ ಗೆಲ್ಲಬೇಕು. ಈ ತಂಡದ ನಿಜವಾದ ಹೆಗ್ಗಳಿಕೆ ಯಾವುದೆಂದು ಕೇಳಿದರೆ ನಾಲ್ಕು ಪ್ರಶಸ್ತಿಗಳಿಗಿಂತ ಮೊದಲು ಇದನ್ನು ತೋರಿಸಬೇಕು.

ತವರಿನ ಬಲವೂ ಇದರಲ್ಲಿ ಸೇರಿದೆ. 1955ರ ಮಾರ್ಚ್ 1ರಂದು ತೆರೆದ ಆಲನ್ ಫೀಲ್ಡ್‌ಹೌಸ್ ದಶಕಗಳ ಕಾಲ 16,300 ಜನ ಕೂರುವ ಒಳಾಂಗಣವಾಗಿತ್ತು. ಅದರ ಅಂಕಣಕ್ಕೆ ನೈಸ್ಮಿತ್ ಅವರ ಹೆಸರಿದೆ. 2007ರಿಂದ 2011ರ ಜನವರಿಯಲ್ಲಿ ಟೆಕ್ಸಸ್ ಬಂದು ಗೆಲ್ಲುವ ತನಕ ಕ್ಯಾನ್ಸಸ್ ತವರಿನಲ್ಲಿ ಸತತ 69 ಪಂದ್ಯಗಳನ್ನು ಗೆದ್ದಿತ್ತು. ನೈಸ್ಮಿತ್ ಅವರ ಹದಿಮೂರು ನಿಯಮಗಳ ಮೂಲ ಪ್ರತಿಯನ್ನು 2010ರ ಹರಾಜಿನಲ್ಲಿ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 43 ಲಕ್ಷ ಡಾಲರ್‌ಗೆ ಕೊಂಡರು. ಅದು ಈಗ ಈ ಕಟ್ಟಡದ ಪಕ್ಕದಲ್ಲೇ ಇದೆ.

ಅಳಿಸಿದ ಗೆಲುವುಗಳು

2022ರ ಟೂರ್ನಿಯ ನಡುವೆ ಕ್ಯಾನ್ಸಸ್, ಕೆಂಟಕಿಯನ್ನು ಹಿಂದಿಕ್ಕಿ ಚರಿತ್ರೆಯಲ್ಲೇ ಅತಿ ಹೆಚ್ಚು ಗೆಲುವುಗಳ ತಂಡವಾಯಿತು. 2023ರ ಅಕ್ಟೋಬರ್‌ನಲ್ಲಿ ಅದರ ಮೊತ್ತ 2,385ರಿಂದ 2,370ಕ್ಕೆ ಇಳಿದು ಕೆಂಟಕಿ ಮತ್ತೆ ಮುಂದೆ ಬಂತು. ಆ ಹದಿನೈದು ಗೆಲುವುಗಳು ಎಲ್ಲಿಗೆ ಹೋದವು?

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2017ರಲ್ಲಿ ಬಯಲಿಗೆಳೆದ ಪ್ರಕರಣವೊಂದರಲ್ಲಿ, ಕ್ರೀಡಾ ಸಾಮಗ್ರಿಗಳ ವ್ಯವಹಾರಕ್ಕೆ ಸೇರಿದವರು ಹಲವು ಕಾಲೇಜು ಆಟಗಾರರ ಕಡೆಯವರಿಗೆ ಹಣ ಕೊಟ್ಟಿದ್ದರೆಂಬ ವಿಷಯ ಹೊರಬಿತ್ತು. ಕಾಲೇಜು ಆಟಗಾರರು ಹವ್ಯಾಸಿಗಳಾಗಿರಬೇಕೆಂಬ ಅಂದಿನ ನಿಯಮದ ಪ್ರಕಾರ ಅಂಥ ಆಟಗಾರ ಆಡಲು ಅನರ್ಹ. ದೀರ್ಘ ವಿಚಾರಣೆಯ ಬಳಿಕ ಸ್ವತಂತ್ರ ಸಮಿತಿಯೊಂದು ನೀಡಿದ ತೀರ್ಪಿನಂತೆ, 2017–18ರಲ್ಲಿ ಅನರ್ಹ ಆಟಗಾರನೊಬ್ಬ ಭಾಗವಹಿಸಿದ್ದ 15 ಗೆಲುವುಗಳೂ ಆ ವರ್ಷದ ಫೈನಲ್ ಫೋರ್ ಪ್ರವೇಶವೂ ದಾಖಲೆಯಿಂದ ಹೊರಬಿದ್ದವು.

ಹೀಗೆ ಹೊಡೆದುಹಾಕಿದರೆ ಸೋತಿದ್ದ ಎದುರಾಳಿ ಗೆದ್ದಂತಾಗುವುದಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನ ಅಂಕ ರದ್ದಾದಾಗ ಪಕ್ಕದವನ ಅಂಕ ಹೇಗೆ ಹೆಚ್ಚುವುದಿಲ್ಲವೋ ಹಾಗೆ. ಎದುರಾಳಿಯ ಖಾತೆಯಲ್ಲಿ ಸೋಲು ಸೋಲಾಗಿಯೇ ಉಳಿಯುತ್ತದೆ, ಕ್ಯಾನ್ಸಸ್ ಖಾತೆಯಲ್ಲಿ ಮಾತ್ರ ಗೆಲುವು ಇರುವುದಿಲ್ಲ. ನೋಡಿದವರ ನೆನಪಿನಲ್ಲಿ ಪಂದ್ಯ ಇದೆ, ದಾಖಲೆಯಲ್ಲಿ ಇಲ್ಲ. ಅಭಿಮಾನಿಗಳು ಒಂದು ಸಂಖ್ಯೆಯನ್ನೂ ಅಧಿಕೃತ ಪುಸ್ತಕ ಇನ್ನೊಂದನ್ನೂ ಹೇಳುವುದು ಇದರಿಂದಾಗಿ.

ಶಿಕ್ಷೆಯ ಬಗೆ ಎಲ್ಲ ಕಾಲಕ್ಕೂ ಒಂದೇ ಆಗಿಲ್ಲ. 1988ರ ಪ್ರಶಸ್ತಿಯ ಬೆನ್ನಿಗೇ ನಿಯಮ ಉಲ್ಲಂಘನೆಗಾಗಿ ಕ್ಯಾನ್ಸಸ್ ಅನ್ನು 1989ರ ಟೂರ್ನಿಯಿಂದ ದೂರವಿಡಲಾಯಿತು, ಆದರೆ 1988ರ ಪ್ರಶಸ್ತಿಗೆ ಕೈಹಾಕಲಿಲ್ಲ. ಲೂಯಿವಿಲ್ ವಿಶ್ವವಿದ್ಯಾಲಯಕ್ಕಾದರೆ 2013ರ ಪ್ರಶಸ್ತಿಯೇ 2018ರಲ್ಲಿ ರದ್ದಾಯಿತು. ಈ ನಡುವೆ ಹವ್ಯಾಸಿ ಎಂಬ ಕಲ್ಪನೆಯೂ ಸಡಿಲಗೊಂಡಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸಬಹುದು, 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು.

3,649 ಅಂಕಗಳು ಯಾವ ಪುಸ್ತಕದಲ್ಲಿವೆ?

ಕ್ಯಾನ್ಸಸ್ ಪರ ಅತಿ ಹೆಚ್ಚು ಅಂಕ ಗಳಿಸಿದವರು ಯಾರು ಎಂಬ ಪ್ರಶ್ನೆಗೆ ಮ್ಯಾನಿಂಗ್ ಎಂಬ ಉತ್ತರ ಪುರುಷರ ತಂಡಕ್ಕಷ್ಟೇ ಸರಿ. 1977ರಿಂದ 1981ರವರೆಗೆ ಕೋಚ್ ಮೇರಿಯನ್ ವಾಷಿಂಗ್ಟನ್ ಅವರ ಮಹಿಳಾ ತಂಡದಲ್ಲಿ ಆಡಿದ ಲಿನೆಟ್ ವುಡಾರ್ಡ್ 3,649 ಅಂಕ ಗಳಿಸಿದರು. 1984ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡಕ್ಕೆ ಅವರೇ ನಾಯಕಿ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಸೇರಿದ ಮೊದಲ ಮಹಿಳೆಯೂ ಅವರೇ.

ಆದರೂ ದಶಕಗಳ ಕಾಲ ಎನ್‌ಸಿಎಎ ದಾಖಲೆಗಳಲ್ಲಿ ಅವರು ಮೊದಲ ಸ್ಥಾನದಲ್ಲಿ ಕಾಣಲಿಲ್ಲ. ಎನ್‌ಸಿಎಎ ಮಹಿಳೆಯರಿಗಾಗಿ ಚಾಂಪಿಯನ್‌ಷಿಪ್ ಆರಂಭಿಸಿದ್ದೇ 1981–82ರಲ್ಲಿ. ಅದಕ್ಕೂ ಮೊದಲು ಮಹಿಳಾ ಕ್ರೀಡೆಗಳನ್ನು ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ ಬೇರೆ ಸಂಸ್ಥೆ. ವುಡಾರ್ಡ್ ಅವರ ಅಂಕಗಳೆಲ್ಲ ಆ ಸಂಸ್ಥೆಯ ಕಾಲದವು. 2024ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅಂಕಗಳ ಬೇಟೆಯಲ್ಲಿದ್ದಾಗ ಈ ಹಳೆಯ ಸಂಗತಿ ಮತ್ತೆ ಚರ್ಚೆಗೆ ಬಂತು. ಫೆಬ್ರವರಿ 15ರಂದು ಅವರು ಕೆಲ್ಸಿ ಪ್ಲಮ್ ಅವರ 3,527ನ್ನು ದಾಟಿದಾಗ ಎನ್‌ಸಿಎಎ ಮಹಿಳಾ ದಾಖಲೆ ಮುರಿಯಿತೆಂದು ಸುದ್ದಿಯಾಯಿತು. ವುಡಾರ್ಡ್ ಅವರನ್ನು ಅವರು ದಾಟಿದ್ದು ಅದಾಗಿ ಸುಮಾರು ಎರಡು ವಾರದ ಮೇಲೆ, ಫೆಬ್ರವರಿ 28ರಂದು. ವುಡಾರ್ಡ್ ಆಡುತ್ತಿದ್ದಾಗ ಮಹಿಳೆಯರ ಕಾಲೇಜು ಆಟದಲ್ಲಿ ಮೂರು ಅಂಕದ ಗೆರೆ ಇರಲಿಲ್ಲ, ಅದು ಬಂದದ್ದು 1987–88ರಲ್ಲಿ. ಕ್ಲಾರ್ಕ್ ಅವರ 3,951 ಅಂಕಗಳಲ್ಲಿ ದೊಡ್ಡ ಪಾಲು ಆ ಗೆರೆಯಾಚೆಯಿಂದ ಬಂದದ್ದು. ಇನ್ನು ಎಐಎಡಬ್ಲ್ಯು ಕಾಲದ ಸಣ್ಣ ಕಾಲೇಜುಗಳ ಲೆಕ್ಕ ತೆಗೆದರೆ, ಫ್ರಾನ್ಸಿಸ್ ಮೇರಿಯನ್ ಕಾಲೇಜಿನ ಪರ್ಲ್ ಮೂರ್ 1979ರ ಹೊತ್ತಿಗೇ 4,061 ಅಂಕಗಳನ್ನು ಮುಟ್ಟಿದ್ದರು.